ಗಣಕೀಕೃತ ದಾಖಲೆಗಳಲ್ಲಿ ಅರ್ಜಿದಾರರ ಹೆಸರು: ಅಕ್ಷರ ಸಂಕೇತ ಮತ್ತು ಅಕ್ಷರಾನುಕ್ರಮದ ಪೂರ್ವನಿಗದಿತ ವ್ಯವಸ್ಥೆಯನ್ನು ಕುರಿತು ಸಾರ್ವಜನಿಕ ಮಾಹಿತಿ

1. ಪೀಠಿಕೆ

ಇಲಾಖೆಯ ಸೇವೆಗಳನ್ನು ಕೋರಿ ಸಲ್ಲಿಸಲಾಗುವ ಪ್ರತಿಯೊಂದು ಅರ್ಜಿಯಲ್ಲಿಯೂ ಅರ್ಜಿದಾರರ ಹೆಸರು, ತಂದೆ ಅಥವಾ ಗಂಡನ ಹೆಸರು, ಗ್ರಾಮ ಮತ್ತು ವಿಳಾಸಗಳನ್ನು ಕನ್ನಡದಲ್ಲಿ ದಾಖಲಿಸಲಾಗುತ್ತದೆ. ಈ ವಿವರಗಳು ಗಣಕದಲ್ಲಿ, ಡೇಟಾಬೇಸ್ ಎಂದು ಕರೆಯಲಾಗುವ ದತ್ತಸಂಚಯದ ಕೋಷ್ಟಕಗಳಲ್ಲಿ ಸಂಗ್ರಹವಾಗುತ್ತವೆ. ಅರ್ಜಿಯಲ್ಲಿ ಸರಿಯಾಗಿ ಬರೆದ ಹೆಸರು ಪ್ರಮಾಣಪತ್ರದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳಾಗಿ ಮುದ್ರಿತವಾಗುವುದು, ಹುಡುಕಿದಾಗ ‘ದಾಖಲೆ ಲಭ್ಯವಿಲ್ಲ’ ಎಂಬ ಉತ್ತರ ಬರುವುದು, ಫಲಾನುಭವಿಗಳ ಪಟ್ಟಿಯಲ್ಲಿ ಹೆಸರು ಇರಬೇಕಾದ ಸ್ಥಾನದಲ್ಲಿ ಕಾಣದಿರುವುದು ಮುಂತಾದ ತೊಂದರೆಗಳಿಗೆ ಬಹುಮಟ್ಟಿಗೆ ಎರಡು ತಾಂತ್ರಿಕ ವಿಷಯಗಳು ಕಾರಣವಾಗಿರುತ್ತವೆ. ಮೊದಲನೆಯದು ಅಕ್ಷರ ಸಂಕೇತ ಪದ್ಧತಿ, ಅಂದರೆ ಕ್ಯಾರೆಕ್ಟರ್ ಸೆಟ್. ಎರಡನೆಯದು ಅಕ್ಷರಾನುಕ್ರಮ ನಿಯಮ, ಅಂದರೆ ಕೊಲೇಷನ್.

ಇವೆರಡನ್ನೂ ಯಾರೂ ಪ್ರತ್ಯೇಕವಾಗಿ ಸೂಚಿಸದಿದ್ದಲ್ಲಿ ತಂತ್ರಾಂಶವು ತನ್ನಲ್ಲಿ ಮೊದಲೇ ನಿಗದಿಯಾಗಿರುವ ಆಯ್ಕೆಯನ್ನು ಅನ್ವಯಿಸಿಕೊಳ್ಳುತ್ತದೆ. ಈ ಪೂರ್ವನಿಗದಿತ ಆಯ್ಕೆ ಕನ್ನಡವನ್ನು ಗಮನದಲ್ಲಿಟ್ಟುಕೊಂಡು ಮಾಡಿದ್ದಾಗಿರಬೇಕೆಂಬ ನಿಯಮವಿಲ್ಲ. ಅರ್ಜಿದಾರರು ತಮ್ಮ ಹೆಸರು ಎಲ್ಲಿ, ಹೇಗೆ ಕೆಡಬಹುದು ಎಂಬುದನ್ನು ಅರಿತು, ಸಕಾಲದಲ್ಲಿ ತಿದ್ದುಪಡಿ ಕೋರಲು ಅನುಕೂಲವಾಗುವಂತೆ ಈ ಮಾಹಿತಿಯನ್ನು ನೀಡಲಾಗಿದೆ.

2. ಅಕ್ಷರ ಸಂಕೇತ ಪದ್ಧತಿ ಎಂದರೇನು?

ಗಣಕವು ಅಕ್ಷರಗಳನ್ನು ಅಕ್ಷರಗಳಾಗಿ ಸಂಗ್ರಹಿಸುವುದಿಲ್ಲ, ಸಂಖ್ಯೆಗಳಾಗಿ ಸಂಗ್ರಹಿಸುತ್ತದೆ. ಯಾವ ಸಂಖ್ಯೆ ಯಾವ ಅಕ್ಷರವನ್ನು ಪ್ರತಿನಿಧಿಸುತ್ತದೆ ಎಂಬ ಒಪ್ಪಂದವೇ ಅಕ್ಷರ ಸಂಕೇತ ಪದ್ಧತಿ. ಬರೆದವರು ಒಂದು ಒಪ್ಪಂದವನ್ನೂ ಓದುವವರು ಮತ್ತೊಂದು ಒಪ್ಪಂದವನ್ನೂ ಅನುಸರಿಸಿದರೆ, ಸಂಖ್ಯೆಗಳು ಸರಿಯಾಗಿದ್ದರೂ ಅಕ್ಷರಗಳು ತಪ್ಪಾಗುತ್ತವೆ.

ಲ್ಯಾಟಿನ್1 ಎಂಬ ಪದ್ಧತಿಯಲ್ಲಿ ಪ್ರತಿ ಅಕ್ಷರಕ್ಕೆ ಒಂದು ಬೈಟ್ ಮಾತ್ರ ಇದ್ದು, ಒಟ್ಟು 256 ಸ್ಥಾನಗಳಿರುತ್ತವೆ. ಪಶ್ಚಿಮ ಯೂರೋಪಿನ ಭಾಷೆಗಳಿಗಾಗಿ ರೂಪಿಸಲಾದ ಈ ಪದ್ಧತಿಯಲ್ಲಿ ಕನ್ನಡದ ಒಂದು ಅಕ್ಷರಕ್ಕೂ ಸ್ಥಾನವಿಲ್ಲ. ಭಾರತೀಯ ಭಾಷೆಗಳಿಗಾಗಿ 1991ರಲ್ಲಿ ಭಾರತೀಯ ಮಾನಕ ಸಂಸ್ಥೆಯು ಇಸ್ಕಿ ಎಂಬ ಸಂಕೇತ ಪದ್ಧತಿಯನ್ನು ಮಾನಕವಾಗಿ ಪ್ರಕಟಿಸಿತು. ಅದೇ ವರ್ಷ ಪ್ರಕಟವಾದ ಯೂನಿಕೋಡ್ ಮಾನಕವು ಜಗತ್ತಿನ ಎಲ್ಲ ಲಿಪಿಗಳನ್ನೂ ಒಂದೇ ಪದ್ಧತಿಯಲ್ಲಿ ತರುವ ಉದ್ದೇಶವುಳ್ಳದ್ದಾಗಿದ್ದು, ಕನ್ನಡಕ್ಕೆ ಅದರಲ್ಲಿ 128 ಸ್ಥಾನಗಳ ಒಂದು ವಿಭಾಗವನ್ನು ಮೀಸಲಿಡಲಾಗಿದೆ.

ಯೂನಿಕೋಡ್ ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಬಹು ಬಳಕೆಯ ವಿಧಾನ ಯುಟಿಎಫ್-8. ಈ ವಿಧಾನದಲ್ಲಿ ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ, ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟ್‌ಗಳು ಬೇಕು. ಉದಾಹರಣೆಗೆ ‘ಕ’ ಅಕ್ಷರವು 224, 178, 149 ಎಂಬ ಮೂರು ಸಂಖ್ಯೆಗಳಾಗಿ ಸಂಗ್ರಹವಾಗುತ್ತದೆ.

3. ಪೂರ್ವನಿಗದಿತ ವ್ಯವಸ್ಥೆ ಎಲ್ಲೆಲ್ಲಿ ಅನ್ವಯವಾಗುತ್ತದೆ?

ವ್ಯಾಪಕ ಬಳಕೆಯಲ್ಲಿರುವ ಮೈಎಸ್‌ಕ್ಯುಎಲ್ ತಂತ್ರಾಂಶವನ್ನು ಇಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ. ಇದರಲ್ಲಿ ಅಕ್ಷರ ಸಂಕೇತ ಮತ್ತು ಅಕ್ಷರಾನುಕ್ರಮಗಳನ್ನು ನಾಲ್ಕು ಹಂತಗಳಲ್ಲಿ ನಿಗದಿಪಡಿಸಬಹುದಾಗಿದೆ.

(ಅ) ಸರ್ವರ್ ಹಂತ
(ಆ) ದತ್ತಸಂಚಯದ ಹಂತ
(ಇ) ಕೋಷ್ಟಕದ ಹಂತ
(ಈ) ಕೋಷ್ಟಕದೊಳಗಿನ ಕಾಲಂ ಹಂತ

ಕಾಲಂಗೆ ಸೂಚನೆ ಇಲ್ಲದಿದ್ದರೆ ಕೋಷ್ಟಕದ ನಿಯಮ, ಕೋಷ್ಟಕಕ್ಕೆ ಇಲ್ಲದಿದ್ದರೆ ದತ್ತಸಂಚಯದ ನಿಯಮ, ಅದಕ್ಕೂ ಇಲ್ಲದಿದ್ದರೆ ಸರ್ವರ್‌ನ ನಿಯಮ ಅನ್ವಯವಾಗುತ್ತದೆ. ಸರ್ವರ್‌ಗೂ ಯಾರೂ ಏನನ್ನೂ ಸೂಚಿಸದಿದ್ದರೆ ತಂತ್ರಾಂಶ ತಯಾರಕರ ಆಯ್ಕೆಯೇ ಅಂತಿಮ. ಮೈಎಸ್‌ಕ್ಯುಎಲ್ ತಂತ್ರಾಂಶವು ಸ್ವೀಡನ್ ದೇಶದ ಕಂಪನಿಯೊಂದರಲ್ಲಿ ಬೆಳೆದುದರಿಂದ, 2018ರಲ್ಲಿ 8.0 ಆವೃತ್ತಿ ಬಿಡುಗಡೆಯಾಗುವವರೆಗೂ ಅದರ ಪೂರ್ವನಿಗದಿತ ಸಂಕೇತ ಪದ್ಧತಿ ಲ್ಯಾಟಿನ್1 ಆಗಿದ್ದು, ಅಕ್ಷರಾನುಕ್ರಮವು ಸ್ವೀಡಿಷ್ ಭಾಷೆಯದಾಗಿತ್ತು. ಅರ್ಥಾತ್, ಸ್ಪಷ್ಟ ಸೂಚನೆ ನೀಡದೆ ಆ ಕಾಲದಲ್ಲಿ ಸೃಷ್ಟಿಸಲಾದ ಕೋಷ್ಟಕವೊಂದು ಕನ್ನಡಿಗರ ಹೆಸರುಗಳನ್ನು ಕನ್ನಡಕ್ಕೆ ಸ್ಥಾನವೇ ಇಲ್ಲದ ಪದ್ಧತಿಯಲ್ಲಿ ಇಟ್ಟು, ಸ್ವೀಡಿಷ್ ಕ್ರಮದಲ್ಲಿ ಜೋಡಿಸುವ ನಿಯಮಕ್ಕೆ ಒಳಪಟ್ಟಿರುತ್ತಿತ್ತು. 8.0 ಆವೃತ್ತಿಯಿಂದ ಯೂನಿಕೋಡಿನ ಎಲ್ಲ ಸಂಕೇತಗಳನ್ನೂ ಒಳಗೊಳ್ಳುವ ಯುಟಿಎಫ್8ಎಂಬಿ4 ಪದ್ಧತಿಯು ಪೂರ್ವನಿಗದಿತವಾಗಿದೆ.

ಇವುಗಳಲ್ಲದೆ, ಅರ್ಜಿ ತುಂಬುವ ಪರದೆ ಮತ್ತು ದತ್ತಸಂಚಯದ ನಡುವಣ ಸಂಪರ್ಕಕ್ಕೂ ಒಂದು ಸಂಕೇತ ಪದ್ಧತಿ ಇರುತ್ತದೆ. ಕೋಷ್ಟಕ ಸರಿಯಾಗಿದ್ದು ಸಂಪರ್ಕದ ಪದ್ಧತಿ ತಪ್ಪಾಗಿದ್ದರೂ ಹೆಸರು ಕೆಡುತ್ತದೆ.

4. ಕೆಟ್ಟ ಅಕ್ಷರಗಳ ಬಗೆಗಳು ಮತ್ತು ಅವುಗಳ ಅರ್ಥ

ಸ್ವೀಕೃತಿ ಪತ್ರ ಅಥವಾ ಪರದೆಯ ಮೇಲೆ ಹೆಸರು ಹೇಗೆ ಕಾಣುತ್ತಿದೆ ಎಂಬುದರಿಂದ ದೋಷದ ಸ್ವರೂಪವನ್ನು ಬಹುಮಟ್ಟಿಗೆ ಊಹಿಸಬಹುದು.

(ಅ) ಪ್ರಶ್ನಾರ್ಥಕ ಚಿಹ್ನೆಗಳು: ಕನ್ನಡಕ್ಕೆ ಸ್ಥಾನವಿಲ್ಲದ ಪದ್ಧತಿಗೆ ಹೆಸರನ್ನು ಪರಿವರ್ತಿಸಿದಾಗ ಪ್ರತಿ ಸಂಕೇತದ ಜಾಗದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಕುಳಿತುಕೊಳ್ಳುತ್ತದೆ. ಇದು ಅತ್ಯಂತ ಗಂಭೀರವಾದ ದೋಷ. ‘ಕವಿತಾ’, ‘ಸವಿತಾ’, ‘ಲಲಿತಾ’ ಈ ಮೂರೂ ಹೆಸರುಗಳಲ್ಲಿ ತಲಾ ಐದು ಸಂಕೇತಗಳಿವೆ. ಸಂಗ್ರಹದ ವೇಳೆಯಲ್ಲಿಯೇ ದೋಷ ಸಂಭವಿಸಿದ್ದರೆ ಮೂವರ ಹೆಸರೂ ಐದು ಪ್ರಶ್ನಾರ್ಥಕ ಚಿಹ್ನೆಗಳಾಗಿ ಉಳಿಯುತ್ತವೆ. ಯಾವ ದಾಖಲೆಯಲ್ಲಿ ಯಾವ ಹೆಸರಿತ್ತು ಎಂಬುದನ್ನು ಯಾವ ತಂತ್ರಜ್ಞರೂ ಆ ಚಿಹ್ನೆಗಳಿಂದ ಮರಳಿ ಪಡೆಯಲಾರರು. ಮೂಲ ಅರ್ಜಿಯ ಕಾಗದ ಅಥವಾ ಪೂರ್ವದ ಪ್ರತಿಯೊಂದೇ ಆಧಾರ.

(ಆ) ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ಸಾಲು: ಯುಟಿಎಫ್-8ರಲ್ಲಿ ಬರೆದ ಬೈಟ್‌ಗಳನ್ನು ಲ್ಯಾಟಿನ್1 ಎಂದು ಭಾವಿಸಿ ಓದಿದಾಗ, ಒಂದೊಂದು ಕನ್ನಡ ಸಂಕೇತವೂ ಮೂರು ಅನ್ಯ ಅಕ್ಷರಗಳಾಗಿ ಕಾಣುತ್ತದೆ. ಕನ್ನಡದ ಎಲ್ಲ ಸಂಕೇತಗಳ ಮೊದಲ ಬೈಟ್ 224 ಆಗಿರುವುದರಿಂದ, ಒಂದೇ ಚಿಹ್ನೆ ಮೂರು ಸ್ಥಾನಗಳಿಗೊಮ್ಮೆ ಮರುಕಳಿಸುವುದು ಇದರ ಗುರುತು. ಬೈಟ್‌ಗಳು ಮಾರ್ಪಡದೆ ಉಳಿದಿದ್ದಲ್ಲಿ ಹೆಸರನ್ನು ಪೂರ್ಣವಾಗಿ ಮರಳಿ ಪಡೆಯಬಹುದು.

(ಇ) ಹಳೆಯ ಅಕ್ಷರಶೈಲಿಯಲ್ಲಿ ನಮೂದಿಸಿದ ಹೆಸರು: ಯೂನಿಕೋಡ್ ಬಳಕೆ ವ್ಯಾಪಕವಾಗುವ ಮೊದಲು ಫಾಂಟ್ ಆಧಾರಿತ ಸಂಕೇತಗಳಲ್ಲಿ ಕನ್ನಡವನ್ನು ಟೈಪ್ ಮಾಡಲಾಗುತ್ತಿತ್ತು. ಇಲ್ಲಿ ಸಂಗ್ರಹವಾಗುವುದು ಲ್ಯಾಟಿನ್ ಸಂಕೇತಗಳೇ. ಅವುಗಳಿಗೆ ಕನ್ನಡದ ರೂಪ ಕೊಡುವುದು ಫಾಂಟ್ ಮಾತ್ರ. ಆ ಫಾಂಟ್ ಇಲ್ಲದ ಗಣಕದಲ್ಲಿ ಹೆಸರು ಓದಲು ಬಾರದು. ಸೂಕ್ತ ಪರಿವರ್ತಕ ತಂತ್ರಾಂಶದ ಮೂಲಕ ಇದನ್ನು ಯೂನಿಕೋಡ್‌ಗೆ ಬದಲಿಸಬಹುದಾದರೂ ಒತ್ತಕ್ಷರಗಳನ್ನು ಪರಿಶೀಲಿಸುವುದು ಅಗತ್ಯ.

(ಈ) ಖಾಲಿ ಚೌಕಗಳು: ದತ್ತಾಂಶ ಸರಿಯಾಗಿದ್ದು, ನೋಡುತ್ತಿರುವ ಗಣಕ ಅಥವಾ ಮುದ್ರಕದಲ್ಲಿ ಕನ್ನಡ ಫಾಂಟ್ ಇಲ್ಲದಿದ್ದಾಗ ಚೌಕಗಳು ಕಾಣುತ್ತವೆ. ಇದರಿಂದ ದಾಖಲೆಗೆ ಹಾನಿಯಿಲ್ಲ.

5. ಅಕ್ಷರಾನುಕ್ರಮ ನಿಯಮ: ಪಟ್ಟಿಯಲ್ಲಿ ಹೆಸರಿನ ಸ್ಥಾನ

ಎರಡು ಹೆಸರುಗಳಲ್ಲಿ ಯಾವುದು ಮೊದಲು, ಯಾವುದು ನಂತರ, ಹಾಗೂ ಎರಡು ಹೆಸರುಗಳು ಒಂದೇ ಎಂದು ಪರಿಗಣಿಸಬೇಕೇ ಬೇಡವೇ ಎಂಬುದನ್ನು ಅಕ್ಷರಾನುಕ್ರಮ ನಿಯಮವು ತೀರ್ಮಾನಿಸುತ್ತದೆ.

ಶಾಲೆಯಲ್ಲಿ ಕಲಿಸಲಾಗುವ ವರ್ಣಮಾಲೆಯಲ್ಲಿ ‘ಯ ರ ಲ ವ ಶ ಷ ಸ ಹ ಳ’ ಎಂಬುದು ಅವರ್ಗೀಯ ವ್ಯಂಜನಗಳ ಕ್ರಮ. ಯೂನಿಕೋಡ್ ಸಂಕೇತಗಳ ಸಂಖ್ಯಾಕ್ರಮದಲ್ಲಾದರೋ ‘ಳ’ ಅಕ್ಷರವು ‘ಲ’ ಅಕ್ಷರದ ಬೆನ್ನಿಗೇ ಇದ್ದು ‘ವ’ ಅಕ್ಷರಕ್ಕಿಂತ ಮೊದಲು ಬರುತ್ತದೆ. ಈ ವ್ಯತ್ಯಾಸದ ಪರಿಣಾಮವನ್ನು ಕೆಳಕಂಡ ನಾಲ್ಕು ಹೆಸರುಗಳಲ್ಲಿ ಗಮನಿಸಬಹುದು.

ವರ್ಣಮಾಲೆಯ ಕ್ರಮ: ಕಲ್ಲಪ್ಪ, ಕವಿತಾ, ಕಸ್ತೂರಿ, ಕಳಕಪ್ಪ.
ಸಂಕೇತಗಳ ಸಂಖ್ಯಾಕ್ರಮ: ಕಲ್ಲಪ್ಪ, ಕಳಕಪ್ಪ, ಕವಿತಾ, ಕಸ್ತೂರಿ.

ಸೂಚನಾಫಲಕದಲ್ಲಿ ಅಂಟಿಸಿದ ಹತ್ತಾರು ಪುಟಗಳ ಪಟ್ಟಿಯಲ್ಲಿ ‘ಕ’ ಹೆಸರುಗಳ ಕೊನೆಯಲ್ಲಿ ತಮ್ಮ ಹೆಸರನ್ನು ಹುಡುಕುವ ಕಳಕಪ್ಪನವರಿಗೆ ಅದು ಅಲ್ಲಿ ದೊರೆಯುವುದಿಲ್ಲ. ತಮ್ಮ ಅರ್ಜಿ ತಿರಸ್ಕೃತವಾಗಿದೆ ಎಂದು ಭಾವಿಸಿ ಅವರು ಹಿಂದಿರುಗಿದರೆ, ಮಂಜೂರಾದ ಸೌಲಭ್ಯವೂ ಕೈತಪ್ಪುವ ಸಂಭವವಿದೆ. ಆದುದರಿಂದ ಪಟ್ಟಿಯಲ್ಲಿ ಹೆಸರು ಕಾಣದಿದ್ದಲ್ಲಿ ಆ ಅಕ್ಷರದ ಎಲ್ಲ ಹೆಸರುಗಳನ್ನೂ ಒಮ್ಮೆ ಪೂರ್ಣವಾಗಿ ನೋಡತಕ್ಕದ್ದು.

ಸಂಕೇತಗಳ ಸಂಖ್ಯಾಕ್ರಮವನ್ನು ಬಿಟ್ಟು, ಆಯಾ ಭಾಷೆಯ ರೂಢಿಯಂತೆ ಅಕ್ಷರಗಳಿಗೆ ತೂಕ ನೀಡುವ ಯೂನಿಕೋಡ್ ಅಕ್ಷರಾನುಕ್ರಮ ವಿಧಾನವೂ ಬಳಕೆಯಲ್ಲಿದೆ. ಮೈಎಸ್‌ಕ್ಯುಎಲ್ 8.0 ಆವೃತ್ತಿಯ ಪೂರ್ವನಿಗದಿತ ನಿಯಮ ಈ ವಿಧಾನವನ್ನು ಆಧರಿಸಿದೆ. ಆದರೆ ಅದರಲ್ಲಿ ಕನ್ನಡಕ್ಕೆಂದೇ ಪ್ರತ್ಯೇಕ ನಿಯಮವನ್ನು ಒದಗಿಸಿರಲಿಲ್ಲ. ಪೋಸ್ಟ್‌ಗ್ರೆಎಸ್‌ಕ್ಯುಎಲ್ ತಂತ್ರಾಂಶದಲ್ಲಿ 2017ರ 10ನೆಯ ಆವೃತ್ತಿಯಿಂದ ಐಸಿಯು ಎಂಬ ಭಾಷಾ ಸಂಗ್ರಹದ ಮೂಲಕ ಕನ್ನಡದ ಅಕ್ಷರಾನುಕ್ರಮವನ್ನು ಆಯ್ದುಕೊಳ್ಳುವ ಅವಕಾಶವಿದೆ. ಯಾವ ನಿಯಮವನ್ನೇ ಆಯ್ದುಕೊಂಡರೂ ಮೇಲ್ಕಂಡಂತಹ ಹೆಸರುಗಳಿಂದ ಪರೀಕ್ಷಿಸಿದ ನಂತರವೇ ಪಟ್ಟಿಗಳನ್ನು ಪ್ರಕಟಿಸುವುದು ಸೂಕ್ತ.

6. ಹೋಲಿಕೆ: ಒಂದೇ ಹೆಸರು, ಬೇರೆ ಬೇರೆ ಸಂಕೇತಗಳು

ಕಣ್ಣಿಗೆ ಒಂದೇ ಆಗಿ ಕಾಣುವ ಹೆಸರುಗಳು ಗಣಕಕ್ಕೆ ಭಿನ್ನವಾಗಿರಬಹುದು. ಇದರ ಮುಖ್ಯ ಸಂದರ್ಭಗಳು ಇಂತಿವೆ.

(ಅ) ಅನುಸ್ವಾರ ಮತ್ತು ಸೊನ್ನೆ: ‘ಸಂಗಮ್ಮ’ ಎಂಬಲ್ಲಿ ಅನುಸ್ವಾರದ ಬದಲಾಗಿ ಕನ್ನಡದ ಅಂಕಿಯಾದ ಸೊನ್ನೆಯನ್ನು ಟೈಪ್ ಮಾಡಿದರೆ ‘ಸ೦ಗಮ್ಮ’ ಎಂದಾಗುತ್ತದೆ. ಓದುವವರಿಗೆ ವ್ಯತ್ಯಾಸ ಕಾಣದು. ಗಣಕಕ್ಕೆ ಮಾತ್ರ ಎರಡನೆಯದು ಹೆಸರಿನ ನಡುವೆ ಅಂಕಿ ಇರುವ ಪದ. ಒಂದನ್ನು ಹುಡುಕಿದರೆ ಇನ್ನೊಂದು ದೊರೆಯುವುದಿಲ್ಲ.

(ಆ) ಸ್ವರ ಚಿಹ್ನೆಗಳು: ‘ಗೋಪಾಲ’ ಎಂಬಲ್ಲಿನ ಓಕಾರವನ್ನು ಒಂದೇ ಸಂಕೇತವಾಗಿಯೂ, ಎಕಾರ, ಊಕಾರ ಮತ್ತು ದೀರ್ಘ ಚಿಹ್ನೆ ಎಂಬ ಮೂರು ಸಂಕೇತಗಳ ಸರಣಿಯಾಗಿಯೂ ಬರೆಯಬಹುದು. ಯೂನಿಕೋಡ್ ಮಾನಕದ ಪ್ರಕಾರ ಇವೆರಡೂ ಸಮಾನ. ಸಂಕೇತಗಳನ್ನು ಮಾತ್ರ ಹೋಲಿಸುವ ನಿಯಮಕ್ಕೆ ಇವು ಭಿನ್ನ. ನಮೂದಿಸುವ ಹಂತದಲ್ಲಿಯೇ ಎಲ್ಲ ಹೆಸರುಗಳನ್ನೂ ಒಂದೇ ರೂಪಕ್ಕೆ ತರುವುದು ಇದಕ್ಕೆ ಪರಿಹಾರ.

(ಇ) ಕಾಣದ ಸಂಕೇತಗಳು: ‘ರಾಜ್‌ಕುಮಾರ್’ ಎಂಬಲ್ಲಿ ‘ಕ’ ಅಕ್ಷರವು ಒತ್ತಾಗದಂತೆ ತಡೆಯಲು ನಡುವೆ ಕಣ್ಣಿಗೆ ಕಾಣದ ಸಂಕೇತವೊಂದನ್ನು ಇಡಲಾಗುತ್ತದೆ. ಕೆಲವರು ಅದರ ಬದಲು ಖಾಲಿ ಜಾಗ ಬಿಟ್ಟು ‘ರಾಜ್ ಕುಮಾರ್’ ಎಂದು ಬರೆಯುತ್ತಾರೆ. ಮತ್ತೆ ಕೆಲವರು ‘ರಾಜಕುಮಾರ್’ ಎನ್ನುತ್ತಾರೆ. ಒಬ್ಬರೇ ವ್ಯಕ್ತಿ ಮೂರು ದಾಖಲೆಗಳಲ್ಲಿ ಮೂವರಾಗುವುದು ಹೀಗೆ.

(ಈ) ಅಂಕಿಗಳು: ಸರ್ವೆ ನಂಬರನ್ನು ‘12’ ಎಂದೂ ‘೧೨’ ಎಂದೂ ಬರೆಯುವುದುಂಟು. ಯೂನಿಕೋಡ್ ತೂಕದ ನಿಯಮಗಳು ಎರಡಕ್ಕೂ ಒಂದೇ ಪ್ರಾಥಮಿಕ ತೂಕ ನೀಡುತ್ತವೆ. ಸಂಕೇತಗಳನ್ನು ಮಾತ್ರ ಹೋಲಿಸುವ ನಿಯಮ ಇವನ್ನು ಬೇರೆಯೆಂದೇ ಪರಿಗಣಿಸುತ್ತದೆ.

ಹೋಲಿಕೆಯ ನಿಯಮ ಅತಿ ಸಡಿಲವಾದರೂ ತೊಂದರೆಯೇ. ಮೈಎಸ್‌ಕ್ಯುಎಲ್ 8.0ರ ಪೂರ್ವನಿಗದಿತ ನಿಯಮವು ಸ್ವರಭಾರದಂತಹ ಗುರುತುಗಳನ್ನು ಕಡೆಗಣಿಸುವುದರಿಂದ, ಜಪಾನಿ ಭಾಷೆಯಲ್ಲಿ ತಾಯಿ ಎಂಬರ್ಥದ ‘ಹಹ’ ಮತ್ತು ತಂದೆ ಎಂಬರ್ಥದ ‘ಪಪ’ ಪದಗಳನ್ನು ಆ ಭಾಷೆಯ ಕತಕನ ಲಿಪಿಯಲ್ಲಿ ಬರೆದಾಗ ಎರಡೂ ಒಂದೇ ಎಂದು ಪರಿಗಣಿಸುತ್ತದೆ. ಜಪಾನಿ ಭಾಷೆಗೆ ಅದೇ ಆವೃತ್ತಿಯಲ್ಲಿ ಪ್ರತ್ಯೇಕ ನಿಯಮವನ್ನು ಒದಗಿಸಲಾಯಿತು. ಇಂತಹ ಸಡಿಲ ನಿಯಮವಿರುವ ಕಾಲಂನಲ್ಲಿ ‘ಒಂದು ಹೆಸರು ಒಂದೇ ಬಾರಿ’ ಎಂಬ ನಿರ್ಬಂಧವಿದ್ದರೆ, ಎರಡನೆಯ ಅರ್ಜಿದಾರರಿಗೆ ‘ಈಗಾಗಲೇ ನೋಂದಣಿಯಾಗಿದೆ’ ಎಂಬ ಉತ್ತರ ಬರುತ್ತದೆ.

7. ಕಾಲಂ ಅಳತೆ ಮತ್ತು ಉದ್ದನೆಯ ಹೆಸರುಗಳು

ಇಂಗ್ಲಿಷ್ ಹೆಸರುಗಳನ್ನು ಗಮನದಲ್ಲಿಟ್ಟುಕೊಂಡು ನಿಗದಿಪಡಿಸಿದ ಅಳತೆ ಕನ್ನಡಕ್ಕೆ ಸಾಲದು. ‘ಮಲ್ಲಿಕಾರ್ಜುನ’ ಎಂಬುದು ಓದುವವರಿಗೆ ಐದು ಅಕ್ಷರಗಳ ಹೆಸರು. ಗುಣಿತ ಚಿಹ್ನೆ ಮತ್ತು ಹಲಂತಗಳನ್ನು ಸೇರಿಸಿ ಇದರಲ್ಲಿ 12 ಸಂಕೇತಗಳಿದ್ದು, ಯುಟಿಎಫ್-8ರಲ್ಲಿ 36 ಬೈಟ್‌ಗಳು ಬೇಕಾಗುತ್ತವೆ. ಬೈಟ್‌ಗಳ ಲೆಕ್ಕದಲ್ಲಿ 30ರ ಮಿತಿಯುಳ್ಳ ಕಾಲಂನಲ್ಲಿ ಈ ಹೆಸರು ಹಿಡಿಸುವುದಿಲ್ಲ. ಹೆಚ್ಚುವರಿ ಭಾಗವನ್ನು ಕತ್ತರಿಸುವ ವ್ಯವಸ್ಥೆಯಿದ್ದಲ್ಲಿ ‘ಮಲ್ಲಿಕಾರ್ಜ’ ಎಂದು ಉಳಿಯುತ್ತದೆ.

ಒರಾಕಲ್ ತಂತ್ರಾಂಶದಲ್ಲಿ ಬೇರೆ ಸೂಚನೆ ಇಲ್ಲದಿದ್ದರೆ ಕಾಲಂ ಅಳತೆ ಬೈಟ್‌ಗಳಲ್ಲಿರುತ್ತದೆ. ಮೈಎಸ್‌ಕ್ಯುಎಲ್ ತಂತ್ರಾಂಶದಲ್ಲಿ ಸಂಕೇತಗಳಲ್ಲಿರುತ್ತದೆ. 2015ರ 5.7 ಆವೃತ್ತಿಗೆ ಮುಂಚಿನ ಮೈಎಸ್‌ಕ್ಯುಎಲ್, ಬೇರೆ ಸೂಚನೆ ಇಲ್ಲದಿದ್ದಲ್ಲಿ, ಉದ್ದನೆಯ ಹೆಸರನ್ನು ಕತ್ತರಿಸಿ ಎಚ್ಚರಿಕೆಯನ್ನಷ್ಟೇ ನೀಡುತ್ತಿತ್ತು. ಆ ಆವೃತ್ತಿಯಿಂದ ಅಂತಹ ನಮೂದನ್ನು ತಿರಸ್ಕರಿಸುವುದು ಪೂರ್ವನಿಗದಿತವಾಗಿದೆ. ತಿರಸ್ಕಾರವು ಅರ್ಜಿದಾರರಿಗೆ ತಕ್ಷಣ ತಿಳಿಯುತ್ತದೆ. ಮೌನವಾಗಿ ಕತ್ತರಿಸಿದ್ದು ಪ್ರಮಾಣಪತ್ರ ಕೈಸೇರಿದ ನಂತರವೇ ತಿಳಿಯುತ್ತದೆ.

8. ಹಳೆಯ ಕೋಷ್ಟಕಗಳ ಪರಿವರ್ತನೆ

‘ಪೂರ್ವನಿಗದಿತ ಪದ್ಧತಿಯನ್ನು ಈಗ ಯೂನಿಕೋಡ್‌ಗೆ ಬದಲಿಸಲಾಗಿದೆ, ಆದರೂ ನನ್ನ ಹಳೆಯ ದಾಖಲೆ ಏಕೆ ಸರಿಯಾಗಿಲ್ಲ?’ ಎಂಬ ಪ್ರಶ್ನೆ ಸಹಜವಾದುದು. ಪೂರ್ವನಿಗದಿತ ವ್ಯವಸ್ಥೆಯ ಬದಲಾವಣೆ ಮುಂದೆ ಸೃಷ್ಟಿಯಾಗುವುದಕ್ಕೆ ಮಾತ್ರ ಅನ್ವಯಿಸುತ್ತದೆ. ದತ್ತಸಂಚಯದ ಪದ್ಧತಿಯನ್ನು ಬದಲಿಸಿದರೆ ಹೊಸ ಕೋಷ್ಟಕಗಳಿಗೂ, ಕೋಷ್ಟಕದ ಪೂರ್ವನಿಗದಿತ ಪದ್ಧತಿಯನ್ನು ಬದಲಿಸಿದರೆ ಅದಕ್ಕೆ ಸೇರಿಸುವ ಹೊಸ ಕಾಲಂಗಳಿಗೂ ಅದು ಅನ್ವಯವಾಗುತ್ತದೆ. ಈಗಾಗಲೇ ಇರುವ ಕಾಲಂಗಳು ಹಳೆಯ ಪದ್ಧತಿಯಲ್ಲಿಯೇ ಮುಂದುವರಿಯುತ್ತವೆ. ಅವುಗಳನ್ನು ಪರಿವರ್ತಿಸಲು ಪ್ರತ್ಯೇಕ ಆದೇಶ ನೀಡಬೇಕಾಗುತ್ತದೆ.

ಈ ಪರಿವರ್ತನೆಯನ್ನು ಅವಸರದಿಂದ ಮಾಡುವಂತಿಲ್ಲ. ಲ್ಯಾಟಿನ್1 ಎಂದು ಗುರುತಿಸಲಾದ ಕಾಲಂನಲ್ಲಿ ವಾಸ್ತವವಾಗಿ ಯುಟಿಎಫ್-8 ಬೈಟ್‌ಗಳಿದ್ದರೆ, ನೇರ ಪರಿವರ್ತನೆಯು ಪ್ರತಿ ಬೈಟನ್ನೂ ಒಂದು ಲ್ಯಾಟಿನ್ ಅಕ್ಷರವೆಂದು ತಿಳಿದು ಎರಡನೆಯ ಬಾರಿ ಸಂಕೇತೀಕರಿಸುತ್ತದೆ. ಅಂತಹ ಕಾಲಂ ಅನ್ನು ಮೊದಲು ಬರೀ ಬೈಟ್‌ಗಳ ಸ್ವರೂಪಕ್ಕೆ ತಂದು, ನಂತರ ಯುಟಿಎಫ್8ಎಂಬಿ4 ಎಂದು ಘೋಷಿಸಬೇಕಾಗುತ್ತದೆ.

ಅಕ್ಷರಾನುಕ್ರಮ ನಿಯಮ ಬದಲಾದಾಗ, ಹುಡುಕಾಟಕ್ಕೆ ನೆರವಾಗುವ ಸೂಚಿಗಳನ್ನು ಪುನಃ ರಚಿಸುವುದೂ ಅವಶ್ಯ. 2018ರಲ್ಲಿ ಲಿನಕ್ಸ್ ವ್ಯವಸ್ಥೆಯ ಜಿಲಿಬ್‌ಸಿ 2.28 ಆವೃತ್ತಿ ಅಕ್ಷರಾನುಕ್ರಮವನ್ನು ಬದಲಿಸಿದಾಗ, ಅದನ್ನು ಅವಲಂಬಿಸಿದ್ದ ಪೋಸ್ಟ್‌ಗ್ರೆಎಸ್‌ಕ್ಯುಎಲ್ ಸೂಚಿಗಳನ್ನು ಮರುನಿರ್ಮಿಸಬೇಕಾಯಿತು. ಹಾಗೆ ಮಾಡದಿದ್ದಲ್ಲಿ ದಾಖಲೆ ಕೋಷ್ಟಕದಲ್ಲಿದ್ದೂ ಹುಡುಕಾಟದಲ್ಲಿ ದೊರೆಯದೆ ಹೋಗಬಹುದು.

9. ಅರ್ಜಿದಾರರು ಗಮನಿಸಬೇಕಾದ ಅಂಶಗಳು

(1) ಸ್ವೀಕೃತಿ ಪತ್ರವನ್ನು ಪಡೆದ ಸ್ಥಳದಲ್ಲಿಯೇ ಓದಿ ನೋಡುವುದು. ಹೆಸರು, ತಂದೆ ಅಥವಾ ಗಂಡನ ಹೆಸರು ಮತ್ತು ಗ್ರಾಮದ ಹೆಸರಿನ ಕೊನೆಯ ಅಕ್ಷರದವರೆಗೂ ಪರಿಶೀಲಿಸುವುದು.

(2) ಎಲ್ಲ ದಾಖಲೆಗಳಲ್ಲಿಯೂ ಹೆಸರನ್ನು ಒಂದೇ ರೀತಿಯಲ್ಲಿ ಬರೆಯುವುದು. ಖಾಲಿ ಜಾಗ, ಒತ್ತಕ್ಷರ ಮತ್ತು ದೀರ್ಘಗಳಲ್ಲಿ ವ್ಯತ್ಯಾಸವಾಗದಂತೆ ನೋಡಿಕೊಳ್ಳುವುದು.

(3) ಸ್ವತಃ ಟೈಪ್ ಮಾಡುವವರು ಯೂನಿಕೋಡ್ ಆಯ್ಕೆಯನ್ನೇ ಬಳಸುವುದು. ಅನುಸ್ವಾರದ ಬದಲು ಸೊನ್ನೆಯನ್ನು ಬಳಸಬಾರದು.

(4) ಅರ್ಜಿ ಸಂಖ್ಯೆಯನ್ನು ಜೋಪಾನವಾಗಿ ಇಟ್ಟುಕೊಳ್ಳುವುದು. 0 ಯಿಂದ 9ರವರೆಗಿನ ಅಂಕಿಗಳಿಗೆ ಲ್ಯಾಟಿನ್1 ಮತ್ತು ಯುಟಿಎಫ್-8 ಎರಡರಲ್ಲಿಯೂ ಒಂದೇ ಸಂಕೇತವಿರುವುದರಿಂದ, ಹೆಸರು ಕೆಟ್ಟಿದ್ದರೂ ಸಂಖ್ಯೆಯ ಮೂಲಕ ದಾಖಲೆಯನ್ನು ಪತ್ತೆ ಮಾಡಬಹುದು.

(5) ಮೂಲ ಅರ್ಜಿಯ ನಕಲು ಪ್ರತಿಯನ್ನು ಪ್ರಮಾಣಪತ್ರ ದೊರೆತು ಪರಿಶೀಲಿಸುವವರೆಗೆ ಉಳಿಸಿಕೊಳ್ಳುವುದು.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸ್ವೀಕೃತಿ ಪತ್ರದಲ್ಲಿ ನನ್ನ ಹೆಸರಿನ ಬದಲು ಪ್ರಶ್ನಾರ್ಥಕ ಚಿಹ್ನೆಗಳಿವೆ. ಹೊಸದಾಗಿ ಅರ್ಜಿ ಸಲ್ಲಿಸಬೇಕೇ?
ಉತ್ತರ: ಅವಸರದಿಂದ ಎರಡನೆಯ ಅರ್ಜಿ ಸಲ್ಲಿಸುವುದು ಬೇಡ; ಇದರಿಂದ ಒಬ್ಬರದೇ ಎರಡು ದಾಖಲೆಗಳಾಗುತ್ತವೆ. ಅರ್ಜಿ ಸಂಖ್ಯೆಯನ್ನು ನಮೂದಿಸಿ, ಸರಿಯಾದ ಹೆಸರಿನ ಆಧಾರದೊಂದಿಗೆ ಸಂಬಂಧಪಟ್ಟ ಕಚೇರಿಯಲ್ಲಿ ಲಿಖಿತವಾಗಿ ತಿದ್ದುಪಡಿ ಕೋರುವುದು.

ಪ್ರಶ್ನೆ: ಮನೆಯ ಗಣಕದಲ್ಲಿ ಚೌಕಗಳು ಕಾಣುತ್ತವೆ, ಕಚೇರಿಯ ಗಣಕದಲ್ಲಿ ಹೆಸರು ಸರಿಯಾಗಿದೆ. ಏನು ಮಾಡಬೇಕು?
ಉತ್ತರ: ದಾಖಲೆ ಸರಿಯಾಗಿದೆ. ತಮ್ಮ ಗಣಕದಲ್ಲಿ ಯೂನಿಕೋಡ್ ಕನ್ನಡ ಫಾಂಟ್ ಅಳವಡಿಸಿಕೊಂಡರೆ ಸಾಕು.

ಪ್ರಶ್ನೆ: ಹೆಸರಿನ ಮೂಲಕ ಹುಡುಕಿದರೆ ‘ದಾಖಲೆ ಲಭ್ಯವಿಲ್ಲ’ ಎಂದು ಬರುತ್ತದೆ. ನನ್ನ ದಾಖಲೆ ಅಳಿಸಿಹೋಗಿದೆಯೇ?
ಉತ್ತರ: ಹಾಗೆಂದು ತೀರ್ಮಾನಿಸಲಾಗದು. ನಮೂದಿಸಿದ ರೂಪಕ್ಕೂ ಹುಡುಕಿದ ರೂಪಕ್ಕೂ ವ್ಯತ್ಯಾಸವಿರಬಹುದು. ಅರ್ಜಿ ಸಂಖ್ಯೆಯ ಮೂಲಕ ಹುಡುಕುವಂತೆ ಸಿಬ್ಬಂದಿಯನ್ನು ಕೋರುವುದು.

ಪ್ರಶ್ನೆ: ಒಂದೇ ಅಕ್ಷರದ ವ್ಯತ್ಯಾಸಕ್ಕೆ ತಿದ್ದುಪಡಿ ಅಗತ್ಯವೇ?
ಉತ್ತರ: ಅಗತ್ಯ. ಒಂದು ದಾಖಲೆಯಲ್ಲಿನ ಹೆಸರನ್ನು ಆಧರಿಸಿ ಮುಂದಿನ ದಾಖಲೆಗಳು ಸಿದ್ಧವಾಗುವುದರಿಂದ ಸಣ್ಣ ದೋಷವೂ ಮುಂದುವರಿಯುತ್ತದೆ. ಮೊದಲ ದಾಖಲೆಯಲ್ಲಿಯೇ ಸರಿಪಡಿಸಿಕೊಳ್ಳುವುದು ಸುಲಭ.

11. ಉಪಸಂಹಾರ

ಪೂರ್ವನಿಗದಿತ ವ್ಯವಸ್ಥೆ ಎಂದರೆ ಯಾರೂ ತೀರ್ಮಾನಿಸದಿದ್ದಾಗ ಜಾರಿಗೆ ಬರುವ ತೀರ್ಮಾನ. ಕೋಷ್ಟಕವನ್ನು ಸೃಷ್ಟಿಸುವಾಗ ಸಂಕೇತ ಪದ್ಧತಿಯನ್ನೂ ಅಕ್ಷರಾನುಕ್ರಮವನ್ನೂ ಸ್ಪಷ್ಟವಾಗಿ ಸೂಚಿಸಿ, ಕನ್ನಡದ ಹೆಸರುಗಳಿಂದ ಪರೀಕ್ಷಿಸುವುದು ಕಚೇರಿಯ ಹೊಣೆ. ತಮ್ಮ ಹೆಸರು ಸರಿಯಾಗಿ ದಾಖಲಾಗಿದೆಯೇ ಎಂದು ಮೊದಲ ದಿನವೇ ಪರಿಶೀಲಿಸುವುದು ಅರ್ಜಿದಾರರ ಕೈಯಲ್ಲಿರುವ ಕ್ರಮ. ಸಾರ್ವಜನಿಕರು ಇದರ ಸದುಪಯೋಗ ಪಡೆದುಕೊಳ್ಳಲು ಕೋರಲಾಗಿದೆ.

ಸೂಚನೆ: ಈ ಪುಟದಲ್ಲಿ ಉದಾಹರಣೆಗಾಗಿ ಬಳಸಿರುವ ಹೆಸರುಗಳು ಯಾವುದೇ ಅರ್ಜಿದಾರರಿಗೆ ಸಂಬಂಧಿಸಿದವುಗಳಲ್ಲ.